47ಕ್ಕೆ ಕರಣೆ ಹಿಡಿದೆ

22 ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ಕೆಲಸ ಬಿಟ್ಟು ಇವತ್ತಿಗೆ ಮೂರು ತಿಂಗಳು. ಈಗ ಮೈಸೂರಿನ ಹಳೇ ಮನೆಯೊಂದರ ರಿಪೇರಿಯಲ್ಲಿ ಮೇಸ್ತ್ರಿಯೊಬ್ಬರ ಹತ್ತಿರ, ಗಾರೆ ಮೆತ್ತೋ ಸಲಕರಣೆಯಾದ ಕರಣೆ ಹಿಡಿದು, ಸುಣ್ಣದ ಗಾರೆ ಕೆಲಸ ಕಲೀತಿದ್ದೀನಿ.

ಸುಟ್ಟ ಸುಣ್ಣದ ಕಲ್ಲು ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತೆ. ಆಮೇಲೆ ವಾರಗಟ್ಟಲೆ ನೀರಡಿಯಲ್ಲೇ ಬಿಟ್ಟರೆ ಬೆಣ್ಣೆ ಹದಕ್ಕೆ ಬರುತ್ತೆ. ಅದಕ್ಕೆ ಮರಳು, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. “ಕರಣೆ ಬೋರಲು ಹಾಕಿದ್ರೂ ಗಾರೆ ಬೀಳಬಾರದು ಸಾರ್” ಅಂತಾರೆ ಮೇಸ್ತ್ರಿ. ನನ್ನದು ಇನ್ನೂ ಬೀಳುತ್ತೆ.

ಈ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಮೆತ್ತಿದ್ದರು. ಸುಣ್ಣದ ಗೋಡೆ ಹೀರಿದ ತೇವವನ್ನು ತಾನೇ ಆರಿಸಿಕೊಳ್ಳುತ್ತೆ, ಸಿಮೆಂಟ್ ಅದಕ್ಕೆ ಬಿಡಲ್ಲ. ಒಳಗಿನ ಇಟ್ಟಿಗೆ ಉಗುರಲ್ಲಿ ಕೆರೆದರೆ ಪುಡಿಪುಡಿ. ನೋಡಿ ಹೊಟ್ಟೆ ಉರಿದುಹೋಯ್ತು.

2012ರಲ್ಲಿ ಮೈಸೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದಾಗಿನಿಂದ ಮನಸ್ಸಲ್ಲಿ ಇದೇ ಕೊರೀತಿತ್ತು. ಹಳೇ ಕಟ್ಟಡ ಉಳಿಸಬೇಕು ಅಂತ ಎಲ್ಲರೂ ಹೇಳ್ತೀವಿ, ಉಳಿಸೋ ಕೈ ಎಲ್ಲಿದೆ? ಮೇಸ್ತ್ರಿಗೆ 68. ಅವರ ಮಕ್ಕಳು ಯಾರೂ ಈ ಕೆಲಸಕ್ಕೆ ಬಂದಿಲ್ಲ.

ಸುಣ್ಣಕ್ಕೆ ಬೆರಳ ತುದಿಯೆಲ್ಲ ಒಡೆದಿದೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದೀನಿ. ನಾಳೆ ಬಾಗಿಲ ಮೇಲಿನ ಕಮಾನಿಗೆ ಮೊದಲ ಕೋಟು. ಕರಣೆ ನನಗೇ ಕೊಡ್ತೀನಿ ಅಂದಿದ್ದಾರೆ.