ಸ್ಕ್ಯಾನರ್ ಮಾತಾಡಲಿಲ್ಲ ಅಂದ್ರೆ ಇಸಿಯು ಹೋಗಿದೆ ಅಂತಲ್ಲ

ಕಾರು ರಿಪೇರಿ ಕೆಲಸಕ್ಕೆ ಸೇರಿ ಆಗ ಎರಡು ವರ್ಷ ಆಗಿತ್ತು. ಹೊಸ ಗಾಡಿಗಳಿಗೆ ಸ್ಕ್ಯಾನರ್ ಹಾಕಿ, ಗಾಡಿ ತಾನೇ ಬರೆದಿಟ್ಟುಕೊಳ್ಳುವ ದೋಷದ ಕೋಡ್ ಓದುವುದು ಕೈಗೆ ಹತ್ತಿತ್ತು. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕು, 16 ಪಿನ್ನಿನ ಸಾಕೆಟ್ ಹುಡುಕು, ಚುಚ್ಚು, ಓದು. ಯಾವ ಗಾಡಿ ಬಂದರೂ ಇಷ್ಟೇ ಅಂದುಕೊಂಡಿದ್ದೆ.

ಆಗ ಬಂದದ್ದು 1990ರ ದಶಕದ ಮಧ್ಯದ ಒಂದು ಟೊಯೋಟಾ ಸೆಡಾನ್. ಜಪಾನಿನೊಳಗೆ ಮಾರಲು ತಯಾರಾಗಿದ್ದ ಗಾಡಿ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಒಮ್ಮೆ ಬಿಸಿಯಾದರೆ ಯಾವ ತಕರಾರೂ ಇಲ್ಲದೆ ಓಡುತ್ತದೆ, ಚೆಕ್ ಎಂಜಿನ್ ಲೈಟ್ ಆಗಾಗ ಹತ್ತಿ ಆರುತ್ತದೆ. ಇದಿಷ್ಟು ಮಾಲೀಕರ ದೂರು.

ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇತ್ತು. ಸ್ಕ್ಯಾನರ್ ಸರಿಯಾಗಿ ಕೂತಿತು, ಅದರ ಪರದೆಯೂ ಬೆಳಗಿತು. ಒಂದೊಂದೇ ಪ್ರೋಟೋಕಾಲ್, ಅಂದರೆ ಗಾಡಿ ಜೊತೆ ಮಾತಾಡುವ ಭಾಷೆ, ಪ್ರಯತ್ನಿಸಿ ಕೊನೆಗೆ ಸಂಪರ್ಕ ಸಿಗಲಿಲ್ಲ ಅಂತ ತೋರಿಸಿತು. ಇನ್ನೊಂದು ಸ್ಕ್ಯಾನರ್ ತಂದೆ. ಅದೂ ಹಾಗೇ. ಮಾಲೀಕರಿಗೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಹೋಗಿದೆ ಅಂತ ಹೇಳಿಬಿಟ್ಟೆ. ಇಸಿಯು ಕನೆಕ್ಟರ್ ಬಿಚ್ಚಿ ಪೆಟ್ಟಿಗೆಯನ್ನೇ ಹೊರಗೆ ತೆಗೆದಿಟ್ಟೆ.

ನಮ್ಮಲ್ಲಿದ್ದ ಹಿರಿಯ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಗಾಡಿ ಓಡಿಸ್ಕೊಂಡು ಬಂದ್ರಾ, ಎಳ್ಕೊಂಡು ಬಂದ್ರಾ?"

"ಓಡಿಸ್ಕೊಂಡೇ ಬಂದ್ರು ಅಣ್ಣ."

"ಹಾಗಾದ್ರೆ ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಕೊಡಬೇಕು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಸಿಯಾದ ಮೇಲೆ ಅಷ್ಟು ಚೆನ್ನಾಗಿ ಓಡುವ ಎಂಜಿನ್‌ಗೆ ಸತ್ತ ಇಸಿಯು ಇರಲು ಸಾಧ್ಯವೇ ಇಲ್ಲ. ದೂರಿನಲ್ಲೇ ಉತ್ತರ ಇತ್ತು, ನಾನು ಪರದೆ ನೋಡುತ್ತಾ ಕೂತಿದ್ದೆ.

ಇಸಿಯು ವಾಪಸ್ ಕೂರಿಸಿದ ಮೇಲೆ ಅವರು ಬಾನೆಟ್ ಎತ್ತಿದರು. ಎಂಜಿನ್ ಪಕ್ಕದಲ್ಲಿ ಮುಚ್ಚಳ ಇರುವ ಒಂದು ಸಣ್ಣ ಕಪ್ಪು ಡಬ್ಬಿ, ಮೇಲೆ ಡಯಾಗ್ನೋಸ್ಟಿಕ್ ಅಂತ ಅಚ್ಚು. ಅದನ್ನು ನಾನು ನೂರು ಸಲ ನೋಡಿದ್ದೆ, ಒಮ್ಮೆಯೂ ತೆರೆದಿರಲಿಲ್ಲ. ಮುಚ್ಚಳದ ಒಳಗೇ ಯಾವ ತೂತು ಯಾವುದು ಅಂತ ನಕ್ಷೆ ಇದೆ. ಟಿಇ1 ಮತ್ತು ಇ1 ಅನ್ನುವ ಎರಡು ತೂತುಗಳಿಗೆ ಒಂದು ತುಂಡು ವೈರ್ ಸಿಕ್ಕಿಸಿದರು. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದರು. ಚೆಕ್ ಎಂಜಿನ್ ಲೈಟ್ ಮಿನುಗತೊಡಗಿತು. ಸೆಕೆಂಡಿಗೆ ಎರಡು ಸಲ, ಒಂದೇ ಲಯದಲ್ಲಿ, ನಿಲ್ಲದೆ. ಟೊಯೋಟಾದ ಭಾಷೆಯಲ್ಲಿ ಅದರ ಅರ್ಥ, ನೆನಪಿನಲ್ಲಿ ಯಾವ ಕೋಡೂ ಇಲ್ಲ.

ಯಾಕಿಲ್ಲ? ಇಸಿಯು ಕನೆಕ್ಟರ್ ಬಿಚ್ಚಿದಾಗ ಅದರ ನೆನಪಿಗೆ ಹೋಗುವ ಕರೆಂಟ್ ಕಡಿದು ಹೋಗಿತ್ತು. ಗಾಡಿ ಬರೆದಿಟ್ಟುಕೊಂಡಿದ್ದ ಪುಟವನ್ನು ಓದುವ ಮೊದಲೇ ನಾನು ಹರಿದು ಹಾಕಿದ್ದೆ. ಆ ಗಾಡಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಹಳೆಯ ಗಾಡಿಯಲ್ಲಿ ಕೋಡ್ ಓದುವ ಮೊದಲು ಬ್ಯಾಟರಿ ಟರ್ಮಿನಲ್ ಮುಟ್ಟಬೇಡಿ, ಫ್ಯೂಸ್ ಎಳೆಯಬೇಡಿ, ಇಸಿಯು ಬಿಚ್ಚಬೇಡಿ.

ರಾತ್ರಿ ಗಾಡಿ ತಣ್ಣಗಾಗಲು ಬಿಟ್ಟೆವು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದೇ ಸತಾಯಿಸುವಿಕೆ, ಲೈಟ್ ಹತ್ತಿತು. ಆಫ್ ಮಾಡಿ ಮತ್ತೆ ಅದೇ ವೈರ್ ಸಿಕ್ಕಿಸಿದೆವು. ಎರಡು ಮಿನುಗು. ಸ್ವಲ್ಪ ಬಿಡುವು. ಮತ್ತೆ ಎರಡು ಮಿನುಗು. ಉದ್ದ ಬಿಡುವು. ಮತ್ತೆ ಅದೇ. 22.

22 ಅಂದರೆ ಕೂಲೆಂಟ್ ತಾಪದ ಸೆನ್ಸರ್ ಸರ್ಕ್ಯೂಟ್. ಆ ಸಿಗ್ನಲ್ ಕಡಿದು ಹೋದರೆ ಇಸಿಯು ಸುಮ್ನೆ ಕೈಚೆಲ್ಲುವುದಿಲ್ಲ. ನೀರು 80 ಡಿಗ್ರಿ ಇದೆ ಅಂತ ತಾನೇ ಊಹಿಸಿಕೊಂಡು ಕೆಲಸ ಮುಂದುವರಿಸುತ್ತದೆ. ಎಂಜಿನ್ ನಿಜವಾಗಿಯೂ ಬಿಸಿಯಾಗಿದ್ದರೆ ಆ ಊಹೆ ಸರಿಹೋಗುತ್ತದೆ. ತಣ್ಣಗಿದ್ದಾಗ ಬೇಕಾದ ಹೆಚ್ಚುವರಿ ಪೆಟ್ರೋಲ್ ಮಾತ್ರ ಸಿಗುವುದಿಲ್ಲ. ಮಾಲೀಕರು ಹೇಳಿದ್ದು ಅಕ್ಷರಶಃ ಇದನ್ನೇ, ಅಲ್ವಾ?

ನಾನು ಹೊಸ ಸೆನ್ಸರ್ ತರಲು ಹೊರಟೆ. ಅಣ್ಣ ತಡೆದರು. "ಕೋಡ್ ಹೇಳೋದು ದಾರಿ ಹೆಸರು, ಮನೆ ನಂಬರ್ ಅಲ್ಲ" ಅಂದರು. ಮಲ್ಟಿಮೀಟರ್ ಹಿಡಿದು ಅಳೆದೆವು. ಈ ಬಗೆಯ ಸೆನ್ಸರ್ 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್ ತೋರಿಸಬೇಕು, 80 ಡಿಗ್ರಿಗೆ ಅದು 200ರಿಂದ 400 ಓಮ್‌ಗೆ ಇಳಿಯಬೇಕು. ನಮ್ಮದು ಎರಡೂ ಕಡೆ ಸರಿಯಾಗಿಯೇ ಇತ್ತು. ಕನೆಕ್ಟರ್ ರಬ್ಬರ್ ಹಿಂದಕ್ಕೆ ಸರಿಸಿ ಟಾರ್ಚ್ ಬಿಟ್ಟಾಗ ಕಾಣಿಸಿತು: ಒಂದು ಪಿನ್ ಪೂರ್ತಿ ಹಸಿರು ಕಿಲುಬು. ಇಸಿಯು ಕಡೆಯಿಂದ ಮೀಟರ್ ಹಾಕಿ ಆ ವೈರನ್ನು ಮೆಲ್ಲಗೆ ಅಲ್ಲಾಡಿಸಿದರೆ ರೀಡಿಂಗ್ ನೆಗೆದಾಡುತ್ತಿತ್ತು. ಪಿನ್ ಬದಲಾಯಿಸಿದೆವು. ಮರುದಿನ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಆಮೇಲೆ ನಾನು ಹಳೆಯ ಜಪಾನಿ ಗಾಡಿಗಳ ಸಾಕೆಟ್‌ಗಳನ್ನು ಕೂತು ಕಲಿತೆ. ಮೊದಲು ತಲೆಗೆ ಹಾಕಿಕೊಳ್ಳಬೇಕಾದ ವಿಷಯ, 16 ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಗಾಡಿ ಒಬಿಡಿ-2, ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಆದ ದೋಷ ಓದುವ ಪದ್ಧತಿ, ಮಾತಾಡುತ್ತದೆ ಅಂತಲ್ಲ. ಅಮೆರಿಕದಲ್ಲಿ 1996ರ ಮಾಡೆಲ್ ವರ್ಷದಿಂದ ಒಬಿಡಿ-2 ಕಡ್ಡಾಯ ಆಯಿತು. ಆ ನಿಯಮ ಅಲ್ಲಿ ಮಾರುವ ಗಾಡಿಗಳಿಗೆ. ಜಪಾನಿನೊಳಗೆ ಮಾರಿದ ಅದೇ ಹೆಸರಿನ, ಅದೇ ವರ್ಷದ ಗಾಡಿಗೆ ಅದು ಅನ್ವಯಿಸಲಿಲ್ಲ. ಎಷ್ಟೋ ಗಾಡಿಗಳಲ್ಲಿ ಸಾಕೆಟ್ ಆಕಾರ ಮಾತ್ರ ಹೊಸದು, ಒಳಗಿನ ಮಾತು ಕಂಪನಿಯದೇ. ಅಮೆರಿಕಕ್ಕೆ ತಯಾರಾದ ಗಾಡಿಯಾದರೆ ಬಾನೆಟ್ ಕೆಳಗಿನ ಹೊಗೆ ನಿಯಮದ ಸ್ಟಿಕರ್ ಮೇಲೆ ಒಬಿಡಿ-2 ಅಂತ ಬರೆದಿರುತ್ತದೆ. ಅದನ್ನು ಮೊದಲು ಓದಿ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಸಾಕೆಟ್ ಒಳಗೆ ಟಾರ್ಚ್ ಬಿಟ್ಟು ಯಾವ ಯಾವ ತೂತಿನಲ್ಲಿ ಲೋಹದ ಪಿನ್ ಇದೆ ಅಂತ ನೋಡಿ. 16 ಬ್ಯಾಟರಿ ಪ್ಲಸ್, 4 ಮತ್ತು 5 ಅರ್ಥ್. ಉಳಿದವು ಇಸಿಯು ಜೊತೆ ಮಾತಾಡುವ ತಂತಿಗಳು: 7ರಲ್ಲಿ ಕೆ-ಲೈನ್ ಅನ್ನುವುದು, 6 ಮತ್ತು 14ರಲ್ಲಿ ಕ್ಯಾನ್ ಅನ್ನುವುದು, 2 ಮತ್ತು 10 ಹೆಚ್ಚಾಗಿ ಅಮೆರಿಕದ ಕಂಪನಿಗಳು ಬಳಸಿದ ಹಳೆಯ ಪದ್ಧತಿಗೆ. 7, 6, 14, 2 ಎಲ್ಲವೂ ಖಾಲಿ ಇದ್ದರೆ ಮಾಮೂಲಿ ಒಬಿಡಿ-2 ರೀಡರ್‌ಗೆ ಮಾತಾಡಲು ತಂತಿಯೇ ಇಲ್ಲ. ಬೆಲೆ ಜಾಸ್ತಿ ಇರುವ ಮಾಮೂಲಿ ರೀಡರ್ ತಂದರೂ ಅಷ್ಟೇ. ಪಿನ್ ಇದ್ದರೂ ಮಾತು ಗ್ಯಾರಂಟಿ ಇಲ್ಲ, ಯಾಕೆಂದರೆ ಅದೇ ಕೆ-ಲೈನ್ ಮೇಲೆ ಕಂಪನಿ ತನ್ನದೇ ಭಾಷೆ ಆಡುತ್ತಿರಬಹುದು. ಇಎಲ್‌ಎಂ327 ಬಗೆಯ ಅಗ್ಗದ ಬ್ಲೂಟೂತ್ ಡಬ್ಬಿಗಳಿಗೆ ಒಬಿಡಿ-2 ಪಟ್ಟಿಯಲ್ಲಿರುವ ಭಾಷೆಗಳಷ್ಟೇ ಗೊತ್ತು. ಅವುಗಳ ನಕಲುಗಳಿಗೆ ಅದೂ ಪೂರ್ತಿ ಬರುವುದಿಲ್ಲ.

ಸ್ಕ್ಯಾನರ್ ಆನ್ ಕೂಡ ಆಗದಿದ್ದರೆ 16 ಮತ್ತು 4ರ ನಡುವೆ ವೋಲ್ಟ್ ನೋಡಿ. ಬ್ಯಾಟರಿಯಷ್ಟು ಬರದಿದ್ದರೆ ಫ್ಯೂಸ್ ಅಥವಾ ಅರ್ಥ್ ಕಡೆ ಹೋಗಿ.

ಹಲವು ಟೊಯೋಟಾಗಳಲ್ಲಿ ಈ 16 ಪಿನ್ನಿನ ಸಾಕೆಟ್‌ನಲ್ಲೇ 13 ಮತ್ತು 4 ಸೇರಿಸಿದರೂ ಲೈಟ್ ಮಿನುಗಿ ಕೋಡ್ ಹೇಳುತ್ತದೆ. ಬಾನೆಟ್ ಎತ್ತುವ ಅಗತ್ಯವೇ ಬೀಳುವುದಿಲ್ಲ.

ಹೋಂಡಾದಲ್ಲಿ ಲೆಕ್ಕ ಬೇರೆ. ಗ್ಲೋವ್ ಬಾಕ್ಸ್ ಹಿಂದೆ ಅಥವಾ ಆ ಕಡೆಯ ಡ್ಯಾಶ್ ಕೆಳಗೆ ಎರಡು ವೈರಿನ ಒಂದು ಸಣ್ಣ ಕನೆಕ್ಟರ್ ಎಲ್ಲಿಗೂ ಸೇರದೆ ನೇತಾಡುತ್ತಿರುತ್ತದೆ. ಪಕ್ಕದಲ್ಲೇ ಮೂರು ವೈರಿನದೂ ಇರುತ್ತದೆ, ಅದನ್ನು ಮುಟ್ಟಬೇಡಿ. ಎರಡು ವೈರಿನದನ್ನು ಸೇರಿಸಿ ಇಗ್ನಿಷನ್ ಆನ್ ಮಾಡಿದರೆ ಲೈಟ್ ಮಿನುಗುತ್ತದೆ. ಇಲ್ಲಿ ಉದ್ದ ಮಿನುಗು ಹತ್ತು, ಗಿಡ್ಡ ಮಿನುಗು ಒಂದು. ಒಂದು ಉದ್ದ, ನಾಲ್ಕು ಗಿಡ್ಡ ಬಂದರೆ 14, ಅಂದರೆ ಐಡಲ್ ಗಾಳಿಯ ವಾಲ್ವ್. ಟೊಯೋಟಾದಲ್ಲಿ 14 ಅಂದರೆ ಇಗ್ನೈಟರ್ ಸಿಗ್ನಲ್. ಒಂದು ಕಂಪನಿಯ ಪಟ್ಟಿ ಹಿಡಿದು ಇನ್ನೊಂದರ ಗಾಡಿ ನೋಡಿದರೆ ಇಡೀ ದಿನ ದಾರಿ ತಪ್ಪುತ್ತೀರಿ. 1980ರ ದಶಕದ ಕೊನೆಯ ಹೋಂಡಾಗಳಲ್ಲಿ ಇಸಿಯು ಪೆಟ್ಟಿಗೆ ಮೇಲೇ ಒಂದು ಸಣ್ಣ ಎಲ್‌ಇಡಿ ಇರುತ್ತದೆ. ಕಾರ್ಪೆಟ್ ಎತ್ತಿ ಅದರ ಮಿನುಗು ಎಣಿಸಬೇಕು.

ನಿಸ್ಸಾನ್ ನನಗೆ ಎಲ್ಲಕ್ಕಿಂತ ಇಷ್ಟ. ಫ್ಯೂಸ್ ಬಾಕ್ಸ್ ಹತ್ತಿರ 14 ಪಿನ್ನಿನ ಬೂದು ಬಣ್ಣದ ಕನೆಕ್ಟರ್ ಇರುತ್ತದೆ, ಕನ್ಸಲ್ಟ್ ಅಂತ ಹೆಸರು. ಅದಕ್ಕೆ ಹೊಂದುವ ಕೇಬಲ್ ಮತ್ತು ಸಾಫ್ಟ್‌ವೇರ್ ಇದ್ದರೆ ಲ್ಯಾಪ್‌ಟಾಪಿನಲ್ಲಿ ಲೈವ್ ಡೇಟಾ ಕೂಡ ಸಿಗುತ್ತದೆ. ಅದಿಲ್ಲದಿದ್ದರೂ ಚಿಂತೆಯಿಲ್ಲ. ಎಷ್ಟೋ ಮಾಡೆಲ್‌ಗಳ ಇಸಿಯು ಪಕ್ಕದಲ್ಲಿ ಒಂದು ಸಣ್ಣ ತಿರುಪು ಇದೆ. ಇಗ್ನಿಷನ್ ಆನ್ ಇಟ್ಟು ಅದನ್ನು ಬಲಕ್ಕೆ ಪೂರ್ತಿ ತಿರುಗಿಸಿ, ಎರಡು ಸೆಕೆಂಡ್ ಬಿಟ್ಟು ಎಡಕ್ಕೆ ಪೂರ್ತಿ ತಿರುಗಿಸಬೇಕು. ಬೆರಳ ತುದಿಯ ಬಲ ಸಾಕು, ಜೋರು ಮಾಡಿದರೆ ಮುರಿಯುತ್ತದೆ. ಮಿನುಗು ಎಣಿಸಿದಾಗ 55 ಬಂದರೆ ದೋಷ ಇಲ್ಲ. 11 ಕ್ರ್ಯಾಂಕ್ ಆಂಗಲ್ ಸೆನ್ಸರ್, 12 ಏರ್‌ಫ್ಲೋ ಮೀಟರ್. ಟೊಯೋಟಾದಲ್ಲಿ ದೋಷ ಇಲ್ಲದಾಗ ಸಂಖ್ಯೆಯೇ ಬರುವುದಿಲ್ಲ, ಇಲ್ಲಿ ಬರುತ್ತದೆ. ಇದು ಗೊತ್ತಿಲ್ಲದೆ 55 ಯಾವ ಸೆನ್ಸರ್ ಅಂತ ಹುಡುಕುತ್ತಾ ಕೂತವರನ್ನು ನೋಡಿದ್ದೇನೆ.

ಉಳಿದವು ಚುಟುಕಾಗಿ. ಹಳೆಯ ಮಿತ್ಸುಬಿಷಿಯಲ್ಲಿ 12 ಪಿನ್ನಿನ ಕನೆಕ್ಟರ್‌ನ 1 ಮತ್ತು 12ಕ್ಕೆ ಮುಳ್ಳಿನ ವೋಲ್ಟ್ ಮೀಟರ್ ಹಾಕಿ ಮುಳ್ಳು ಎಷ್ಟು ಸಲ ತೂಗುತ್ತದೆ ಅಂತ ಎಣಿಸಬೇಕು. ಸುಬಾರುವಿನಲ್ಲಿ ಡ್ಯಾಶ್ ಕೆಳಗೆ ಕಪ್ಪು ಜೋಡಿ ಮತ್ತು ಹಸಿರು ಜೋಡಿ ಇರುತ್ತವೆ. ಕಪ್ಪು ಸೇರಿಸಿದರೆ ನೆನಪಿನ ಕೋಡ್, ಹಸಿರು ಪರೀಕ್ಷೆಗೆ. ಮಾಜ್ಡಾದಲ್ಲಿ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಟಿಇಎನ್ ಅನ್ನುವ ತೂತನ್ನು ಅರ್ಥ್‌ಗೆ ಸೇರಿಸಬೇಕು.

ತೂತುಗಳನ್ನು ಸೇರಿಸುವ ಈ ಜಂಪರ್ ವೈರ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಟೊಯೋಟಾದ ಆ ಡಬ್ಬಿಯಲ್ಲೇ ಬ್ಯಾಟರಿ ಪ್ಲಸ್ ತೂತೂ ಇದೆ. ಅದನ್ನು ಇ1ಕ್ಕೆ ಸೇರಿಸಿದರೆ ನೇರ ಶಾರ್ಟ್. ನಾನು ನಡುವೆ ಸಣ್ಣ ಫ್ಯೂಸ್ ಇರುವ ವೈರನ್ನೇ ಬಳಸುತ್ತೇನೆ, ಸಿಕ್ಕಿಸುವ ಮೊದಲು ಮುಚ್ಚಳದ ನಕ್ಷೆಯನ್ನು ಎರಡು ಸಲ ಓದುತ್ತೇನೆ. ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಅಲ್ಲಿ ಮೀಟರ್ ಕೂಡ ಹಾಕುವುದಿಲ್ಲ. ಕೆಲಸ ಮುಗಿದ ಮೇಲೆ ವೈರ್ ತೆಗೆಯಲು ಮರೆಯಬಾರದು. ಟಿಇ1 ಸೇರಿಸಿದ ಸ್ಥಿತಿಯಲ್ಲಿ ಇಸಿಯು ಇಗ್ನಿಷನ್ ಟೈಮಿಂಗನ್ನು ಮೂಲ ಮಟ್ಟಕ್ಕೆ ಕಟ್ಟಿಹಾಕುತ್ತದೆ. ಟೈಮಿಂಗ್ ಸೆಟ್ ಮಾಡಲು ಅದು ಬೇಕು, ರಸ್ತೆಯಲ್ಲಿ ಓಡಿಸುವಾಗ ಪಿಕಪ್ಪೇ ಇರುವುದಿಲ್ಲ.

ಕೋಡ್ ಓದುವಾಗ ಬ್ಯಾಟರಿ 11 ವೋಲ್ಟ್‌ಗಿಂತ ಮೇಲಿರಲಿ, ಆಕ್ಸಿಲರೇಟರ್ ಮೇಲೆ ಕಾಲಿಡಬೇಡಿ, ಎಸಿ ಆಫ್ ಇರಲಿ. ಇಗ್ನಿಷನ್ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಹತ್ತದಿದ್ದರೆ ಮೊದಲು ಬಲ್ಬ್ ನೋಡಿ. ಯಾರೋ ಬೇಕಂತಲೇ ಬಲ್ಬ್ ತೆಗೆದಿಟ್ಟ ಗಾಡಿಗಳೂ ಬಂದಿವೆ.

ಇಸಿಯು ಹೋಗುವುದೇ ಇಲ್ಲ ಅಂತಲ್ಲ. 25-30 ವರ್ಷ ಆದ ಪೆಟ್ಟಿಗೆಗಳಲ್ಲಿ ಕೆಪಾಸಿಟರ್ ಸೋರಿ ಬೋರ್ಡ್ ತಿನ್ನುತ್ತದೆ. ಮುಚ್ಚಳ ತೆಗೆದರೆ ಮೀನಿನಂಥ ವಾಸನೆ ಬರುತ್ತದೆ, ಕಪ್ಪಗಾದ ಗೆರೆಗಳು ಕಾಣುತ್ತವೆ. ಕಣ್ಣಿಂದ ನೋಡಿ, ಪವರ್ ಮತ್ತು ಅರ್ಥ್ ಅಳೆದು, ಆಮೇಲೆ ಮಾತ್ರ ಆ ಮಾತು ಬಾಯಿಗೆ ಬರಬೇಕು. ಇಸಿಯು ಹೋಗಿದೆ ಅಂದ ತಕ್ಷಣ ಮಾಲೀಕರು ಗಾಡಿಯನ್ನೇ ಗುಜರಿಗೆ ಹಾಕುವ ಯೋಚನೆ ಶುರುಮಾಡುತ್ತಾರೆ. ಅವತ್ತು ಆ ಸೆಡಾನ್ ಮಾಲೀಕರ ಮುಖ ನಾನು ನೋಡಿದ್ದೇನೆ.

ಈಗ ಹಳೆಯ ಗಾಡಿ ಬಂದರೆ ಸ್ಕ್ಯಾನರ್ ಜೊತೆ ಮುಳ್ಳಿನ ಮೀಟರನ್ನೂ ತೆಗೆದುಕೊಂಡು ಹೋಗುತ್ತೇನೆ. ಹಲವು ಹಳೆಯ ಟೊಯೋಟಾಗಳಲ್ಲಿ ಟಿಇ1 ಸೇರಿಸಿ, ಅದೇ ಡಬ್ಬಿಯ ವಿಎಫ್1 ಮತ್ತು ಇ1 ತೂತುಗಳಿಗೆ ಮೀಟರ್ ಹಾಕಿ, ಬಿಸಿ ಎಂಜಿನ್ನನ್ನು 2500 ಆರ್‌ಪಿಎಂನಲ್ಲಿ ಹಿಡಿದರೆ ಮುಳ್ಳು 10 ಸೆಕೆಂಡಿನಲ್ಲಿ ಕನಿಷ್ಠ 8 ಸಲ ಆಡಬೇಕು. ಆಡಿದರೆ ಹೊಗೆಯಲ್ಲಿನ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಕೆಲಸ ಮಾಡುತ್ತಿದೆ. ಡಿಜಿಟಲ್ ಮೀಟರಿನಲ್ಲಿ ಬರೀ ಅಂಕಿಗಳು ಓಡಾಡುತ್ತವೆ, ಎಣಿಸಲು ಆಗುವುದಿಲ್ಲ. ರಿಪೇರಿ ಆದ ಮೇಲೆ ಇಎಫ್ಐ (ಪೆಟ್ರೋಲ್ ಇಂಜೆಕ್ಷನ್) ಫ್ಯೂಸನ್ನು 10 ಸೆಕೆಂಡಿಗಿಂತ ಜಾಸ್ತಿ ಹೊತ್ತು ತೆಗೆದಿಟ್ಟು ಕೋಡ್ ಅಳಿಸುತ್ತೇನೆ. ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ಮತ್ತೆ ಟಿಇ1-ಇ1 ಸೇರಿಸುತ್ತೇನೆ. ಲೈಟ್ ಒಂದೇ ಲಯದಲ್ಲಿ ಮಿನುಗಿದ ಮೇಲೆಯೇ ಕೀ ಮಾಲೀಕರ ಕೈಗೆ.