ಮೀನಿಗೆ ಅನ್ನ ಹಾಕಿದ ಕಥೆ

ಐದು ದಿನ ಬಿಟ್ಟು ಮನೆಯ ಬೀಗ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಹುಳಿ ಬಂದ ಗಂಜಿಯ ವಾಸನೆ. ಅಡುಗೆಮನೆಯಲ್ಲಿ ಏನೋ ಮರೆತು ಹೋಗಿದ್ದೇನೆ ಅಂತ ಒಳಗೆ ಓಡಿದೆ. ಅಲ್ಲಿ ಪಾತ್ರೆಗಳೆಲ್ಲ ಕವುಚಿಟ್ಟ ಹಾಗೇ ಇದ್ದವು. ವಾಸನೆ ಬರುತ್ತಿದ್ದದ್ದು ಚಾವಡಿಯಿಂದ, ಮೀನಿನ ಟ್ಯಾಂಕಿನಿಂದ.

ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಬದುಕಿದ್ದ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಆರು ಗಪ್ಪಿ ಸತ್ತು ತೇಲುತ್ತಿದ್ದವು. ತಳದ ಮರಳಿನ ಮೇಲೆ ಉಬ್ಬಿದ ಕುಚ್ಚಲಕ್ಕಿ ಅನ್ನದ ಅಗುಳುಗಳು. ಒಂದೊಂದರ ಮೇಲೂ ಹತ್ತಿಯ ಹಾಗೆ ಬೂಷ್ಟು.

ಇದು ಹೋದ ವರ್ಷ ಮೇ ತಿಂಗಳ ಮಾತು. ಶಾಲೆಗೆ ರಜೆ, ಮೈಸೂರಿನಲ್ಲಿ ಮದುವೆ. ನೀರ್ಚಾಲಿನ ನಮ್ಮ ಮನೆಯಲ್ಲಿ ದನ ಇಲ್ಲ, ನಾಯಿ ಇಲ್ಲ. ಇದ್ದದ್ದು ಎರಡಡಿ ಉದ್ದದ ಈ ಟ್ಯಾಂಕ್ ಮಾತ್ರ. ಸುಮಾರು 55 ಲೀಟರ್ ನೀರು, ಒಂದಷ್ಟು ಗಪ್ಪಿ, ಐದು ಝೀಬ್ರಾ ಮೀನು, ಎರಡು ಕಪ್ಪು ಮೊಲ್ಲಿ. ಬೀಗದ ಕೈ ಮತ್ತು ಮೀನಿನ ತಿಂಡಿಯ ಡಬ್ಬಿ ಆಚೆಮನೆಯ ಅಕ್ಕನ ಕೈಗೆ ಕೊಟ್ಟು, "ದಿನಕ್ಕೆ ಒಂದು ಚಿಟಿಕೆ ಹಾಕಿ ಅಕ್ಕ, ಅಷ್ಟೇ" ಅಂತ ಹೇಳಿ ಹೋಗಿದ್ದೆ.

ಅಕ್ಕನ ಚಿಟಿಕೆ ಅಂದರೆ ಹತ್ತು ಜನರ ಸಾಂಬಾರಿಗೆ ಉಪ್ಪು ಹಾಕುವ ಚಿಟಿಕೆ. ಮೂರನೇ ದಿನಕ್ಕೆ ಡಬ್ಬಿ ಖಾಲಿ. ಆಮೇಲೆ ಅನ್ನ.

"ಎಂಥ ಮಾಡುವುದು ಟೀಚರೇ, ನಾನು ಹತ್ತಿರ ಹೋದ ಕೂಡಲೇ ಎಲ್ಲ ಓಡಿ ಬಂದು ಗಾಜಿಗೆ ಮೂತಿ ಒತ್ತಿ ನಿಲ್ತವೆ. ಅದನ್ನು ನೋಡಿ ಸುಮ್ನೆ ಬರ್ಲಿಕ್ಕೆ ಆಗ್ತದಾ?"

"ಅದಕ್ಕೆ ಅನ್ನ ಹಾಕುವುದಾ ಅಕ್ಕ?"

"ಅನಂತಪುರದ ಬಬಿಯಾ ಮೊಸಳೆ. ಅದೇ ನೈವೇದ್ಯದ ಅನ್ನ ತಿಂದ್ಕೊಂಡು ಅಷ್ಟು ವರ್ಷ ಇರ್ಲಿಲ್ವಾ? ಈ ಬೆರಳುದ್ದದ ಮೀನಿಗೆ ಎಂಥ ಆಗ್ಲಿಕ್ಕುಂಟು?"

ಕುಂಬಳೆ ಹತ್ತಿರದ ಅನಂತಪುರ ಕೆರೆ ದೇವಸ್ಥಾನದ ಆ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅಕ್ಕ ಹೋಗಿ, ಜನರ ಮಧ್ಯೆ ನುಗ್ಗಿ, ಕೈಮುಗಿದು ಬಂದವರು. ಅವರ ಎದುರು ಬಬಿಯಾನ ವಿಷಯದಲ್ಲಿ ವಾದ ಮಾಡುವ ಧೈರ್ಯ ನನಗಿಲ್ಲ. ಕೆರೆ ಎಲ್ಲಿ, 55 ಲೀಟರ್ ಎಲ್ಲಿ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ.

ಆ ಸಂಜೆ ಬ್ಯಾಗ್ ಬಿಚ್ಚುವ ಮೊದಲೇ ಪೈಪ್ ಹಾಕಿ ತಳದ ಅನ್ನವನ್ನೆಲ್ಲ ಎಳೆದು ತೆಗೆದೆ. ಅರ್ಧ ನೀರು ಬದಲಾಯಿಸಿದೆ. ನಮ್ಮದು ಬಾವಿ ನೀರು, ಕ್ಲೋರಿನ್ನಿನ ತಲೆನೋವಿಲ್ಲ. ಫಿಲ್ಟರಿನ ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದೆ. ಮರುದಿನ ಇನ್ನೊಂದಷ್ಟು ನೀರು ಬದಲು. ಮೂರು ದಿನ ಒಂದು ಕಾಳೂ ತಿಂಡಿ ಹಾಕಲಿಲ್ಲ. ನಾಲ್ಕನೇ ದಿನ ನೀರು ತಿಳಿಯಾಯಿತು.

ನಾನು ಕನ್ನಡ ಕಲಿಸುವವಳು. ಇದರ ಕೆಮಿಸ್ಟ್ರಿ ನಮ್ಮ ಶಾಲೆಯ ಸೈನ್ಸ್ ಟೀಚರಿಂದ ಸ್ಟಾಫ್ ರೂಮಿನಲ್ಲಿ ಕಲಿತದ್ದು. ಮೀನಿನ ಕಿವಿರಿನಿಂದ ಅಮೋನಿಯಾ ಹೊರಗೆ ಬರುತ್ತಲೇ ಇರುತ್ತದೆ. ಕೊಳೆಯುವ ತಿಂಡಿಯಿಂದಲೂ ಬರುತ್ತದೆ. ಸ್ಪಾಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ, ಮೂರನೆಯದು ಅಷ್ಟಿಲ್ಲ. ಆದರೆ ಈ ಬ್ಯಾಕ್ಟೀರಿಯಾಗಳು ದಿನವೂ ಬರುವ ಅಮೋನಿಯಾಕ್ಕೆ ಎಷ್ಟು ಬೇಕೋ ಅಷ್ಟೇ ಇರುತ್ತವೆ. ನಾಲ್ಕು ಜನರಿಗೆ ಅಡುಗೆ ಮಾಡಿಟ್ಟ ಮನೆಗೆ ಹೇಳದೆ ಕೇಳದೆ ಬಸ್ಸಿನಲ್ಲಿ ದಿಬ್ಬಣ ಬಂದು ಇಳಿದರೆ ಏನಾಗುತ್ತದೆ? ಅದೇ ಆದದ್ದು. ಅನ್ನ ಕೊಳೆಯುವಾಗ ನೀರಿನ ಆಮ್ಲಜನಕವೂ ಖರ್ಚಾಗುತ್ತದೆ. ಮೇ ತಿಂಗಳ ಸೆಕೆಗೆ ಬಿಸಿಯಾದ ನೀರಿನಲ್ಲಿ ಅದು ಮೊದಲೇ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದದ್ದು ಅದಕ್ಕೆ. ಅಕ್ಕ ಅದನ್ನೂ ಹಸಿವು ಅಂದುಕೊಂಡು ಇನ್ನೊಂದು ತುತ್ತು ಹಾಕಿದ್ದರು.

ಗಾಜಿಗೆ ಮೂತಿ ಒತ್ತುವುದು ಸಹ ಹಸಿವು ಅಂತೇನಿಲ್ಲ. ಮನುಷ್ಯ ಹತ್ತಿರ ಬಂದರೆ ಏನೋ ಬೀಳುತ್ತದೆ ಅಂತ ಅವು ಕಲಿತಿವೆ. ತಿಂದು ಐದು ನಿಮಿಷ ಆಗಿರಲಿ, ನಾನು ಪೊರಕೆ ಹಿಡಿದು ಪಕ್ಕದಲ್ಲಿ ಹೋದರೂ ಓಡಿ ಬರುತ್ತವೆ. ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ಅಂತ ಮೀನು ಸಾಕುವವರು ಒಂದು ಅಂದಾಜು ಹೇಳುತ್ತಾರೆ. ಅದಕ್ಕೆ ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳುವ ಖರ್ಚೂ ಇಲ್ಲ. ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಮರಿಗಳ ಕಥೆ ಬೇರೆ, ಅವಕ್ಕೆ ದಿನಕ್ಕೆ ಎರಡು ಮೂರು ಸಲ ಬೇಕೇ ಬೇಕು.

ಇಷ್ಟೆಲ್ಲ ತಿಳಿದ ಮೇಲೂ ಉಪವಾಸ ಹಾಕಲಿಕ್ಕೆ ನನಗೆ ಮನಸ್ಸು ಬರಲಿಲ್ಲ ನೋಡಿ. ಕಾಸರಗೋಡಿಗೆ ಹೋದಾಗ ರಜೆಯಲ್ಲಿ ಹಾಕುವ ಬಿಳಿ ಬಿಲ್ಲೆ ತಂದೆ. ಸುಣ್ಣದ ತುಂಡಿನ ಹಾಗಿರುವುದು, ಕರಗುತ್ತಾ ಒಳಗಿನ ತಿಂಡಿ ಬಿಡುತ್ತದಂತೆ. ಒಂದು ಬಕೆಟಿಗೆ ನಾಲ್ಕು ಗಪ್ಪಿ ಬಿಟ್ಟು ಪರೀಕ್ಷೆ ಮಾಡಿದೆ. ಎರಡು ದಿನದಲ್ಲಿ ನೀರು ಮಬ್ಬಾಯಿತು, ಗಪ್ಪಿಗಳು ಅದರ ಹತ್ತಿರವೂ ಸುಳಿಯಲಿಲ್ಲ.

ಆಮೇಲೆ ಬ್ಯಾಟರಿಯಲ್ಲಿ ತಿರುಗುವ ಮೆಷಿನ್ ತರಿಸಿದೆ. ಟ್ಯಾಂಕಿನ ಅಂಚಿಗೆ ಸಿಕ್ಕಿಸುವ ಪುಟ್ಟ ಡಬ್ಬಿ, ದಿನಕ್ಕೆ ಒಮ್ಮೆ ಮಗುಚಿ ಒಂದಿಷ್ಟು ಉದುರಿಸುವುದು. ಒಳ್ಳೆಯ ಉಪಾಯವೇ, ಬೇರೆ ಊರಿನಲ್ಲಿ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಮೂರನೇ ದಿನ ನೋಡಿದರೆ ಡಬ್ಬಿ ಶಿಸ್ತಾಗಿ ತಿರುಗುತ್ತಿದೆ, ಒಳಗೆ ತಿಂಡಿ ಹಪ್ಪಳದ ಹಿಟ್ಟಿನ ಹಾಗೆ ಉಂಡೆ ಕಟ್ಟಿ ಕೂತಿದೆ. ಐದನೇ ದಿನ ಆ ಉಂಡೆ ಇಡೀ ದೊಪ್ಪಂತ ಬಿತ್ತು. ನಾನು ಎದುರೇ ಇದ್ದೆ, ಬಾಚಿ ತೆಗೆದೆ. ಊರಲ್ಲಿ ಇಲ್ಲದಿದ್ದರೆ ಮತ್ತೆ ಅದೇ ಗಂಜಿ ವಾಸನೆ. ಮೆಷಿನ್ ಬೇಕಾದವರು ಕೊಳ್ಳಿ, ಆದರೆ ಹೊರಡುವ ಮೊದಲು ಒಂದು ವಾರ ಕಣ್ಣೆದುರು ಓಡಿಸಿ ನೋಡಿ.

ಓಣಂ ರಜೆಗೆ ಪುಣೆಯ ಅಣ್ಣನ ಮನೆಗೆ ಎಂಟು ದಿನ ಹೋಗುವುದಿತ್ತು. ಈ ಸಲ ಮಾವನವರ ಹಳೆಯ ಮಾತ್ರೆ ಪೆಟ್ಟಿಗೆ ತೆಗೆದೆ. ಭಾನುವಾರದಿಂದ ಶನಿವಾರದವರೆಗೆ ಏಳು ಖಾನೆ ಇರುವುದು. ಎರಡು ಖಾನೆಯಲ್ಲಿ ಮಾತ್ರ ತಿಂಡಿ, ಉಳಿದ ಐದು ಖಾಲಿ. ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀ ನನ್ನ ಜೊತೆ ಪುಣೆಗೆ.

ಹೊರಡುವ ಎರಡು ದಿನ ಮೊದಲು ಮೂರನೇ ಒಂದು ಪಾಲು ನೀರು ಬದಲಾಯಿಸಿದೆ. ಹೊರಡುವ ದಿನವೇ ಟ್ಯಾಂಕಿಗೆ ಕೈ ಹಾಕಿದರೆ, ಏನಾದರೂ ಎಡವಟ್ಟಾದರೆ ನೋಡಲಿಕ್ಕೆ ನಾವಿರುವುದಿಲ್ಲ. ಹೊಸ ಮೀನು ತರಲಿಲ್ಲ. ಮೇಲಿನ ಮುಚ್ಚಳಕ್ಕೆ ಒಂದು ಕಲ್ಲು ಇಟ್ಟೆ, ಝೀಬ್ರಾ ಹಾರುವ ಜಾತಿ. ಒಂದು ಸಲ ಹಾರಿ, ಮರುದಿನ ಸೋಫಾದ ಅಡಿಯಲ್ಲಿ ಒಣಗಿ ಸಿಕ್ಕಿತ್ತು. ಹದಿನೈದಿಪ್ಪತ್ತು ಗಪ್ಪಿ ಮರಿಗಳನ್ನು ಏಳನೇ ಕ್ಲಾಸಿನ ಒಬ್ಬ ಹುಡುಗ ಹಾರ್ಲಿಕ್ಸ್ ಬಾಟಲಿಯಲ್ಲಿ ತೆಗೆದುಕೊಂಡು ಹೋದ. ರಜೆ ಮುಗಿದ ಮೇಲೆ "ಟೀಚರ್, ಹನ್ನೊಂದು ಉಂಟು" ಅಂತ ಲೆಕ್ಕ ಒಪ್ಪಿಸಿದ.

ಅಕ್ಕನಿಗೆ ಪೆಟ್ಟಿಗೆ ಕೊಟ್ಟಾಗ ಮುಚ್ಚಳ ಒಂದೊಂದಾಗಿ ತೆರೆದು ನೋಡಿದರು.

"ಸೋಮವಾರ ಇಲ್ವಾ?"

"ಇಲ್ಲ ಅಕ್ಕ."

"ಮಂಗಳವಾರ?"

"ಬುಧವಾರ ಒಂದು, ಶನಿವಾರ ಒಂದು."

"ಆಸ್ಪತ್ರೆಯಲ್ಲಿ ಸಹ ಇದಕ್ಕಿಂತ ಜಾಸ್ತಿ ಕೊಡ್ತಾರೆ" ಅಂತ ಹೇಳಿ ಪೆಟ್ಟಿಗೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೋದರು. ಎರಡು ದಿನ ನನ್ನ ಫೋನ್ ಎತ್ತಲಿಲ್ಲ.

ಎಂಟು ದಿನ ಬಿಟ್ಟು ಬಂದಾಗ ವಾಸನೆ ಇರಲಿಲ್ಲ. ಬೇರೆ ಏನನ್ನೂ ನೋಡದೆ ಸೀದಾ ಚಾವಡಿಗೆ ಹೋದೆ. ಗಪ್ಪಿ ಎಣಿಸಲಿಕ್ಕೆ ಬಿಡುವುದಿಲ್ಲ, ಆದರೆ ಸತ್ತದ್ದು ಒಂದೂ ಇರಲಿಲ್ಲ. ನಾಲ್ಕು ಝೀಬ್ರಾ, ಎರಡು ಮೊಲ್ಲಿ, ಎಲ್ಲ ಹಾಜರು. ಹಿಂದಿನ ಗಾಜಿನಲ್ಲಿ ದಟ್ಟವಾಗಿದ್ದ ಪಾಚಿಯನ್ನು ಮೊಲ್ಲಿಗಳು ಮೇಯ್ದು ಅಲ್ಲಲ್ಲಿ ಕಿಟಕಿ ಕೊರೆದ ಹಾಗೆ ಮಾಡಿದ್ದವು. ಅದನ್ನು ತಿಕ್ಕಿ ತೆಗೆಯಬೇಕು ಅಂತ ನಾನು ಹೊರಡುವ ಮೊದಲು ಅಂದುಕೊಂಡದ್ದು, ಪುಣ್ಯಕ್ಕೆ ಉದಾಸೀನ ಮಾಡಿದ್ದೆ.

ಆಮೇಲೆ ಬಗ್ಗಿ ತಳ ನೋಡಿದೆ. ಬಲಗಡೆಯ ಮೂಲೆಯಲ್ಲಿ, ಕಲ್ಲಿನ ಪಕ್ಕ, ಒಂದು ಕುಚ್ಚಲಕ್ಕಿ ಅಗುಳು. ಹೊಸತೇ, ಕೆಂಪು ಗೆರೆ ಇನ್ನೂ ಕಾಣುತ್ತಿತ್ತು. ದೊಡ್ಡ ಮೊಲ್ಲಿ ಅದನ್ನು ಮೂತಿಯಿಂದ ದೂಡುತ್ತಾ ಮರಳಿನ ಮೇಲೆ ಉರುಳಿಸುತ್ತಿತ್ತು.

ಬಾಗಿಲಲ್ಲಿ ಅಕ್ಕ ನಿಂತಿದ್ದರು, ಕೈಯಲ್ಲಿ ಖಾಲಿ ಮಾತ್ರೆ ಪೆಟ್ಟಿಗೆ.

"ಒಂದೇ ಟೀಚರೇ" ಅಂದರು. "ಇವತ್ತು ತಿರುವೋಣಂ ಅಲ್ವಾ?"