ದೀಪಸ್ತಂಭ: ಬಾವಲಿಗಳು ಹಾರುತ್ತಿವೆ, ಇನ್ನೂ ಕಚ್ಚುತ್ತಿಲ್ಲ

ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಮನೆ-ಕಂಪ್ಯೂಟರಿಗಾಗಿ ಬರೆಯುತ್ತಿರುವ ಆಟದಲ್ಲಿ ದೀಪಸ್ತಂಭದ ಕಾವಲುಗಾರ ಈಗ ಓಡುತ್ತಾನೆ, ಏಣಿ ಹತ್ತುತ್ತಾನೆ, ಜಿಗಿಯುತ್ತಾನೆ. ಎಣ್ಣೆಯ ಡಬ್ಬಿ ಹೊತ್ತು ಮೇಲಕ್ಕೆ ಹೋಗಿ ದೀಪ ಆರದಂತೆ ನೋಡಿಕೊಳ್ಳುವುದು ಅವನ ಕೆಲಸ. ಡಬ್ಬಿ ಇನ್ನೂ ಬಂದಿಲ್ಲ. ಅಂಕಗಳಿಲ್ಲ, ಸಾವಿಲ್ಲ, ಇರುವುದು ಒಂದೇ ಅಂತಸ್ತು.

ಈ ಸಲದ ಶ್ರಮವೆಲ್ಲ ಹೋದದ್ದು ಪರದೆಯ ಲೆಕ್ಕಾಚಾರಕ್ಕೆ. 1982ರಲ್ಲಿ ಬಂದ ಈ ಯಂತ್ರದಲ್ಲಿ ಸ್ಪ್ರೈಟ್‌ಗಳಿಗೆಂದು, ಅಂದರೆ ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರಗಳಿಗೆಂದು, ಬೇರೆ ಚಿಪ್ ಇಲ್ಲ, 3.5 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರೇ ಎಲ್ಲವನ್ನೂ ಬರೆಯಬೇಕು. 48ಕೆ ಮಾದರಿಯಲ್ಲಿ ಒಂದು ಫ್ರೇಮಿಗೆ, ಅಂದರೆ ಟಿವಿ ಪರದೆಯನ್ನು ಒಮ್ಮೆ ಬಿಡಿಸುವಷ್ಟರಲ್ಲಿ, ಸಿಗುವುದು ಪ್ರೊಸೆಸರಿನ 69,888 ಕ್ಲಾಕ್ ಆವರ್ತ. 256×192 ಪಿಕ್ಸೆಲ್‌ಗಳ ಚಿತ್ರವೆಂದರೆ 6,144 ಬೈಟ್. ಮೆಮೊರಿಯನ್ನು ನಕಲು ಮಾಡುವ ಎಲ್‌ಡಿಐಆರ್ ಆದೇಶ ಒಂದೊಂದು ಬೈಟಿಗೂ 21 ಆವರ್ತ ನುಂಗುವುದರಿಂದ, ಇಡೀ ಪರದೆಯನ್ನು ನಕಲು ಮಾಡಲು ಎರಡು ಫ್ರೇಮ್‌ಗಳಷ್ಟು ಹೊತ್ತು ಬೇಕು. ಸ್ಟ್ಯಾಕ್ ಬಳಸಿ ಎರಡೆರಡು ಬೈಟ್‌ಗಳನ್ನು ಒಟ್ಟಿಗೆ ಎತ್ತಿ (ಪಾಪ್) ಇಟ್ಟರೆ (ಪುಷ್) ಖರ್ಚು ಅರ್ಧವಾಗುತ್ತದೆ, ಆದರೂ ಆಟಕ್ಕೆ ಉಳಿಯುವುದು ಚೂರುಪಾರು. ಆದ್ದರಿಂದ ಸ್ಪ್ರೈಟ್ ಇರುವ ಜಾಗವನ್ನಷ್ಟೇ ಅಳಿಸಿ ಬರೆಯುತ್ತಿದ್ದೇನೆ.

ಬಾವಲಿ 16×16 ಪಿಕ್ಸೆಲ್. ಒಂದು ಬೈಟಿನಲ್ಲಿ ಎಂಟು ಪಿಕ್ಸೆಲ್ ಇದ್ದು, ಬಾವಲಿ ಎರಡೆರಡು ಪಿಕ್ಸೆಲ್ ಸರಿಯುವುದರಿಂದ ಪ್ರತಿ ಭಂಗಿಯ ನಾಲ್ಕು ನಕಲುಗಳನ್ನು ಮೊದಲೇ ಸರಿಸಿ ಇಟ್ಟಿದ್ದೇನೆ. ಹಿನ್ನೆಲೆಯಲ್ಲಿ ಬಾವಲಿಯ ಆಕಾರದಷ್ಟೇ ಜಾಗ ತೆರವು ಮಾಡುವ ಮಾಸ್ಕ್ ಸೇರಿ ಒಂದು ಭಂಗಿಗೆ 384 ಬೈಟ್. ರೆಕ್ಕೆ ಮೇಲೆ, ರೆಕ್ಕೆ ಕೆಳಗೆ, ಎರಡೇ ಭಂಗಿ. ಬಾವಲಿಗೆ ಇದಕ್ಕಿಂತ ಹೆಚ್ಚಿನ ನಟನೆ ಬೇಕಿಲ್ಲ.

ಒಂದು ಫ್ರೇಮಿನ ಸಮಯದಲ್ಲಿ ಎಷ್ಟು ಬಾವಲಿಗಳನ್ನು ಬರೆಯಬಹುದು ಎಂದು ತಿಳಿಯಲು ಹಳೆಯ ಉಪಾಯವೇ ಸಾಕಾಯಿತು: ಬರೆಯಲು ಶುರುವಾದಾಗ ಬಾರ್ಡರ್ ಬಣ್ಣವನ್ನು ಕೆಂಪು ಮಾಡುವುದು, ಮುಗಿದಾಗ ಕಪ್ಪು. ಪರದೆಯ ಅಂಚಿನಲ್ಲಿ ಕಾಣುವ ಕೆಂಪು ಪಟ್ಟಿಯ ಎತ್ತರವೇ ಖರ್ಚಾದ ಸಮಯ. ಪ್ರತಿ ಫ್ರೇಮಿನ ಆರಂಭವನ್ನು ಸಾರುವ ಇಂಟರಪ್ಟ್ ಸಂಕೇತ ಬಂದ ಮೇಲೆ ಚಿತ್ರದ ಮೊದಲ ಗೆರೆ ಶುರುವಾಗುವ ಮುನ್ನ 14,336 ಆವರ್ತಗಳ ಬಿಡುವಿದೆ. ಮೇಲಿರುವ ಸ್ಪ್ರೈಟ್‌ಗಳನ್ನು ಮೊದಲು ಬರೆದರೆ ಮೇಲಿಂದ ಕೆಳಕ್ಕೆ ಚಿತ್ರ ಬಿಡಿಸುತ್ತ ಬರುವ ಟಿವಿಯ ಕಿರಣ ನಮ್ಮನ್ನು ಹಿಂದಿಕ್ಕುವುದಿಲ್ಲ. ಎತ್ತರದ ಪ್ರಕಾರ ಅವುಗಳನ್ನು ವಿಂಗಡಿಸತೊಡಗಿದ ಮೇಲೆ ಮಿಣುಕಾಟ ನಿಂತಿದೆ.

ನನಗೆ ಹೆಚ್ಚು ಖುಷಿ ಕೊಟ್ಟಿರುವುದು ಬಣ್ಣ. ಸ್ಪೆಕ್ಟ್ರಮ್‌ನಲ್ಲಿ 8×8 ಪಿಕ್ಸೆಲ್‌ಗಳ ಒಂದು ಚೌಕಕ್ಕೆ ಎರಡೇ ಬಣ್ಣ. ಹಳದಿ ಏಣಿಯ ಮುಂದೆ ನೀಲಿ ಅಂಗಿಯವನು ಬಂದರೆ ಒಂದೋ ಏಣಿ ನೀಲಿಯಾಗುತ್ತದೆ, ಇಲ್ಲವೇ ಅಂಗಿ ಹಳದಿಯಾಗುತ್ತದೆ. ಇದನ್ನು ಮರೆಮಾಚಲು ಹೊರಡುವುದಕ್ಕಿಂತ ಆಟದೊಳಕ್ಕೇ ಎಳೆದುಕೊಳ್ಳುವುದು ಜಾಣತನ ಎನಿಸಿತು. ಮುನ್ನೆಲೆ, ಹಿನ್ನೆಲೆ ಎರಡನ್ನೂ ಕಪ್ಪು ಮಾಡಿದರೆ ಚೌಕದೊಳಗಿನ ಚಿತ್ರ ಮೆಮೊರಿಯಲ್ಲಿ ಹಾಗೆಯೇ ಇರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಇಡೀ ಅಂತಸ್ತು ಕತ್ತಲು. ದೀಪದ ಬೆಳಕು ಸುತ್ತಿ ಬಂದಾಗ ಅದು ಹಾಯುವ ಚೌಕಗಳಷ್ಟೇ ಬೆಳಗುತ್ತವೆ. ಬಣ್ಣದ ಮಾಹಿತಿ ಒಟ್ಟು 768 ಬೈಟ್ ಮಾತ್ರ. ಎಲ್ಲವನ್ನೂ ಎಲ್‌ಡಿಐಆರ್‌ನಿಂದ ಬದಲಿಸಿದರೂ ಕಾಲು ಫ್ರೇಮ್ ಆಗುವುದಿಲ್ಲ. ಒಂದು ಪಿಕ್ಸೆಲ್ಲನ್ನೂ ಮುಟ್ಟದೆ ಕೋಣೆ ಬೆಳಗಿ ಆರುತ್ತದೆ. ಬೆಳಕು ಬಿದ್ದ ಬಾವಲಿ ಎಚ್ಚರಗೊಂಡು ಹಾರುತ್ತದೆ ಎಂಬ ನಿಯಮವೂ ಇದರ ಬೆನ್ನಿಗೇ ಹುಟ್ಟಿತು. ಬೆಳಕು ಬೇಕು, ಆದರೆ ಬಂದರೆ ಅಪಾಯ. ಈಗ ಇದಕ್ಕೆ ಆಟದ ರುಚಿ ಹತ್ತಿದೆ.

ಶಬ್ದಕ್ಕೆ ಇನ್ನೂ ಕೈ ಹಾಕಿಲ್ಲ. ಸ್ಪೀಕರಿಗಿರುವುದು ಒಂದೇ ಬಿಟ್, ಅದನ್ನು ಆಡಿಸಬೇಕಾದವನು ಅದೇ ಪ್ರೊಸೆಸರು. ಸಂಗೀತ ನುಡಿಸುವಷ್ಟು ಹೊತ್ತು ಬಾವಲಿಗಳು ಗಾಳಿಯಲ್ಲೇ ನಿಂತುಬಿಡುತ್ತವೆ. ಹೆಜ್ಜೆಗೊಂದು ಟಕ್ ಎನ್ನುವ ಸದ್ದು ಸಾಕು.

ತೀರ್ಮಾನವಾಗದ ವಿಷಯ ಒಂದಿದೆ. ಕತ್ತಲಲ್ಲಿ ಕಾವಲುಗಾರನೂ ಮಾಯವಾಗುತ್ತಾನೆ. ನನಗದು ಇಷ್ಟ, ಆಡಿ ನೋಡಿದ ಗೆಳೆಯನಿಗೆ ಸಿಟ್ಟು ಬಂತು. ಸದ್ಯಕ್ಕೆ ಕಾವಲುಗಾರ ನಿಂತಿರುವ ಚೌಕಗಳಿಗೆ ಮಂಕು ನೀಲಿ ಬಣ್ಣ ಕೊಟ್ಟಿದ್ದೇನೆ. ಬಾವಲಿಗಳಿಗೆ ಕಚ್ಚಲು ಕಲಿಸಿದ ಮೇಲೆ ಆ ನೀಲಿಯನ್ನು ತೆಗೆದು ಆಟವನ್ನು ಮತ್ತೆ ಆ ಗೆಳೆಯನ ಕೈಗೇ ಕೊಡುತ್ತೇನೆ.